ಸಿಯೋನೆ ನಕ್ಕಿದ್ದು ಯಾಕೆ

ಕಳೆದ ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ನನ್ನ ಪರದೆಯ ಮೇಲೆ ಹನ್ನೆರಡು ಸೆಕೆಂಡಿನ ಒಂದು ಹಳೆಯ ವಿಡಿಯೋ ತುಣುಕು ಬಂತು. ಕೆಸರೆದ್ದ ಮೈದಾನದಲ್ಲಿ ಒಬ್ಬ ದಪ್ಪ ಮನುಷ್ಯ ಚೆಂಡನ್ನು ಅವುಚಿಕೊಂಡು ಬಿದ್ದಿದ್ದಾನೆ. ಅವನ ಮೇಲೆ ಎದುರು ತಂಡದ ಮೂವರು. ಯಾವ ಕಾಲು ಯಾರದ್ದೆಂದು ತಿಳಿಯದ ಆ ರಾಶಿಯ ಅಡಿಯಿಂದ ಒಂದು ಮುಖ ಮಾತ್ರ ಹೊರಗೆ ಕಾಣುತ್ತದೆ. ಆ ಮುಖ ನಗುತ್ತಿದೆ. ಹೊಟ್ಟೆ ಹಿಡಿದುಕೊಂಡು ನಗಬೇಕಾದ ನಗು ಅದು. ಪಾಪ, ಹಿಡಿದುಕೊಳ್ಳಲು ಕೈಗೆ ಬಿಡುವಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಆಟಗಾರ ನಗುತ್ತಾನೆ. ಅದು ಸರಿಯೋ ತಪ್ಪೋ ಎಂದು ನಾನು ಗುಂಡಿ ಒತ್ತಬೇಕು. ಎರಡು ಸೆಕೆಂಡಿನ ಕೆಲಸ. ನನಗೆ ಅರ್ಧ ಗಂಟೆ ಹಿಡಿಯಿತು.

ಯಾಕೆಂದು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೇನೂ ಆಗಬೇಕಾಗಿಲ್ಲ. ಆ ಮುಖ ನಮ್ಮ ಪಕ್ಕದ ಮನೆಯಲ್ಲಿದ್ದ ಸಿಯೋನೆಯದು. ಆ ದಿನ ಅವನ ಬೆನ್ನಿನ ಮೇಲಿದ್ದವನು ಅವನ ಕಿವಿಯಲ್ಲಿ ಏನೋ ಅಂದ, ಅದಕ್ಕೆ ಅವನು ನಕ್ಕ. ಅಂದವನು ಈಗಿಲ್ಲ. ನಕ್ಕವನಿಗೆ ಮರೆತುಹೋಗಿದೆ. ಆ ಮಾತು ಏನೆಂದು ಗೊತ್ತಿರುವ ಒಬ್ಬನೇ ಒಬ್ಬ ನಾನು ಎಂದು ಸಿಯೋನೆ ನಂಬಿದ್ದ, ಅವನ ಮಗಳು ನಂಬಿದ್ದಳು, ನನ್ನ ಹೆಂಡತಿಯೂ ನಂಬಿದ್ದಳು. ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ.

ನನ್ನ ಹೊಟ್ಟೆಪಾಡಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಇದರ ನಾಚಿಕೆ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಟೀವಿಯ ಕೆಳಭಾಗದಲ್ಲಿ ಆಡಿದ ಮಾತೆಲ್ಲ, ನಗು ಅಳು ಕೂಡ, ಅಕ್ಷರವಾಗಿ ಓಡುತ್ತದಲ್ಲ, ಕಿವಿ ಕೇಳದವರ ಅನುಕೂಲಕ್ಕೆಂದು, ಅದನ್ನು ಈಗ ಯಂತ್ರವೇ ಬರೆಯುತ್ತದೆ. ಯಂತ್ರ ಸರಿಯಾಗಿ ಕೇಳಿಸಿಕೊಂಡಿದೆಯೇ ಎಂದು ಪರೀಕ್ಷಿಸಲು ಇಲ್ಲಿ ಅಮೆರಿಕದ ಮೆನ್ಲೋ ಪಾರ್ಕಿನ ಒಂದು ಕಂಪನಿ ನನ್ನನ್ನು ಇಟ್ಟುಕೊಂಡಿದೆ. ಅಂದರೆ ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳುವುದೇ ನನ್ನ ಉದ್ಯೋಗ. ಶೈಲಜಾ ಉಡುಪಿಯವಳು, ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಈ ಉದ್ಯೋಗದ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. “ಊರಿನವರು ಮಾತಾಡಿದ್ದೆಲ್ಲ ಇವರಿಗೆ ಕೇಳ್ತದೆ ಮಾರಾಯ್ರೆ. ಮನೆಯಲ್ಲಿ ಹಾಲು ತನ್ನಿ ಅಂದ್ರೆ ಮಾತ್ರ ಮೊಸರು ಬರ್ತದೆ.”

ನಾವು ಯೂನಿಯನ್ ಸಿಟಿಯ ಈಗಿನ ಮನೆಗೆ ಬಂದ ದಿನ ಸೋಫಾ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ತಂದುಕೊಟ್ಟ ಇಬ್ಬರೂ ನಾನೂ ಸೇರಿ ತಿಣುಕುತ್ತಿದ್ದಾಗ ಪಕ್ಕದ ಮನೆಯಿಂದ ಬಾಗಿಲಗಲದ ಒಬ್ಬ ಮನುಷ್ಯ ಬಂದು ಇನ್ನೊಂದು ತುದಿಯನ್ನು ಒಬ್ಬನೇ ಎತ್ತಿದ. ಆಗಲೇ ಐವತ್ತು ದಾಟಿದವನು. ಕಿವಿಗಳೆರಡೂ ನಾದಿದ ಹಿಟ್ಟಿನ ಹಾಗೆ ಉಬ್ಬಿ ಮುದುಡಿದ್ದವು. ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಜಗಳವಾಡಿದಂತೆ ಹೊರಕ್ಕೆ ತಿರುಗಿತ್ತು. ಟೋಂಗಾ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದು ಅಲ್ಲಿ ಹನ್ನೊಂದು ವರ್ಷ ರಗ್ಬಿ ಲೀಗ್ ಆಡಿದವನು ಎಂದು ಆಮೇಲೆ ತಿಳಿಯಿತು. ಹೆಂಡತಿ ಲೋಸಾ ತೀರಿಕೊಂಡ ಮೇಲೆ ಮಗಳು ಅನಾ ಇರುವ ಈ ಕಡೆಗೆ ಬಂದು ಒಬ್ಬನೇ ಇದ್ದ. ನನಗಿಂತ ಎಂಟು ವರ್ಷ ದೊಡ್ಡವನು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ತಾಪತ್ರಯ ಇಲ್ಲದಿರುವುದರಿಂದ ಬಚಾವಾದೆ. ಮನಸ್ಸಿನಲ್ಲಿ ಅವನು ಮೊದಲ ದಿನದಿಂದಲೂ ನನಗೆ ಏಕವಚನವೇ. ಅವನ ಮಾತನ್ನು ಇಲ್ಲಿ ನಮ್ಮ ಮಂಡ್ಯದ ಕಡೆಯ ಕನ್ನಡದಲ್ಲಿ ಹೇಳುತ್ತೇನೆ. ನನ್ನ ತಲೆಯಲ್ಲಿ ಅವನು ಹಾಗೆಯೇ ಮಾತಾಡುತ್ತಾನೆ.

ರಗ್ಬಿ ಲೀಗ್ ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಗೊತ್ತಿರಲಿಲ್ಲ. ತಂಡಕ್ಕೆ ಹದಿಮೂರು ಜನ. ಚೆಂಡು ಹಿಡಿದು ಓಡಬೇಕು, ಎದುರಿನವರು ಹಿಡಿದು ಕೆಡವಬೇಕು. ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರಿಗೆ. ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ಕಾಲು ಹಿಡಿಯುವುದರಲ್ಲಿ ನಿಸ್ಸೀಮ ಎಂದು ಹೆಸರಿತ್ತು. ಅದನ್ನು ಹೇಳಿದೆ ನೋಡಿ, ಸಿಯೋನೆ ನನ್ನನ್ನು ತಬ್ಬಿಕೊಂಡುಬಿಟ್ಟ. “ಚೆಂಡಿಲ್ದೆ ಆಡ್ತೀರಾ? ಉಸಿರು ಬಿಡ್ದೆ? ಬ್ರದರ್, ನೀವು ನಮಗಿಂತ ಹುಚ್ಚರು.” ಅಂದಿನಿಂದ ನಾನು ಅವನಿಗೆ ನಿವೃತ್ತ ಕ್ರೀಡಾಪಟು. ನನ್ನ ಹೊಟ್ಟೆಯ ಸುತ್ತಳತೆ ಕಂಡೂ ಹಾಗೆನ್ನುವವರು ಇನ್ನಾರೂ ಇಲ್ಲ.

ಆಟದಲ್ಲಿ ಅವನೇನೂ ದೊಡ್ಡ ತಾರೆಯಲ್ಲ, ಅದನ್ನು ಅವನೇ ಹೇಳುತ್ತಿದ್ದ. ಮುಂದಿನ ಸಾಲಿನವನು. ಗೋಡೆಗೆ ಗುದ್ದುವ ಹಾಗೆ ಎದುರಾಳಿಗಳಿಗೆ ಗುದ್ದಿ ಬಿದ್ದು ಎದ್ದು ಮತ್ತೆ ಗುದ್ದುವವನು. ಹಿಂದೆ ಬರುವ ಚಿಗರೆಯಂಥವರು ಓಡಿ ಅಂಕ ಗಳಿಸುತ್ತಾರೆ, ಪತ್ರಿಕೆಯಲ್ಲಿ ಅವರ ಫೋಟೋ ಬರುತ್ತದೆ. ಹನ್ನೊಂದು ವರ್ಷದಲ್ಲಿ ಇವನ ಮುಖ ಜನರಿಗೆ ಗುರುತು ಸಿಕ್ಕಿದ್ದು ಆ ಹನ್ನೆರಡು ಸೆಕೆಂಡಿನಿಂದ. ಒಂದು ಸೆಮಿಫೈನಲ್ಲಿನ ಕೊನೆಯ ನಿಮಿಷ, ತಂಡ ಸೋಲುತ್ತಿದೆ, ಈ ಮನುಷ್ಯ ಕೆಳಗೆ ಬಿದ್ದು ನಗುತ್ತಿದ್ದಾನೆ. ಅದನ್ನು ಟೀವಿಯಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದರು. ಬೈದವರು ಬೈದರು. ಆದರೆ ಆ ಮುಖ ನೋಡಿದ ಯಾರೋ ನಿರ್ಮಾಪಕಿಗೆ ಅದು ಇಷ್ಟವಾಗಿ, ಮಂಡಿ ಕೈಕೊಟ್ಟು ಆಟ ಮುಗಿದ ಮೇಲೆ ಭಾನುವಾರದ ಒಂದು ಹರಟೆ ಕಾರ್ಯಕ್ರಮಕ್ಕೆ ಕರೆದಳು. ಸೋಫಾ ಮೇಲೆ ಕೂತು ಆಟದ ವಿಮರ್ಶೆ ಮಾಡುವುದು, ಮಧ್ಯೆ ಏಪ್ರನ್ ಕಟ್ಟಿಕೊಂಡು ಕೇಕು ಮಾಡಲು ಹೋಗಿ ಸುಡುವುದು, ಚಿಕ್ಕ ಸೈಕಲ್ಲಿನ ಮೇಲೆ ಕೂತು ಅದನ್ನು ಮುರಿಯುವುದು. ಒಂಬತ್ತು ವರ್ಷ ಅವನು ದೇಶವನ್ನು ನಗಿಸಿದ. ವಾರ ತಪ್ಪಿದರೂ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಆ ದಿನ ವಿಲಿ ನಿನ್ನ ಕಿವಿಯಲ್ಲಿ ಏನಂದ?

ವಿಲಿ ಎಂದರೆ ಬೆನ್ನ ಮೇಲಿದ್ದವನು. ಇಬ್ಬರೂ ಒಂದೇ ಬೀದಿಯ ಹುಡುಗರು, ಬರಿಗಾಲಿನಲ್ಲಿ ಒಟ್ಟಿಗೆ ಆಡಿ ಬೆಳೆದು ಬೇರೆ ಬೇರೆ ತಂಡ ಸೇರಿದವರು. ಆ ಪಂದ್ಯದ ಮರುವರ್ಷ ವಿಲಿ ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಹಾಗಾಗಿ ಸಿಯೋನೆ ಟೀವಿಯಲ್ಲಿ ಪ್ರತಿಸಲ ಒಂದೊಂದು ಸುಳ್ಳು ಹೇಳುತ್ತಿದ್ದ. ಮೀನಿನ ರೇಟು ಕೇಳಿದ ಎನ್ನುತ್ತಿದ್ದ, ಚಡ್ಡಿ ಹರಿದಿದೆ ಎಂದ ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. “ನಿಜವಾದ್ದು ವಿಲಿಯದು. ಅದನ್ನ ಟೀವಿಗೆ ಕೊಡೋಕಾಗಲ್ಲ. ಲೋಸಾಗೂ ಹೇಳ್ಲಿಲ್ಲ,” ಎಂದು ನನ್ನ ಹತ್ತಿರ ಅಂದಿದ್ದ.

ಅಂಥ ಮಾತನ್ನು ನನಗೆ ಹೇಳಿದ್ದು ಯಾಕೆ? ಅದಕ್ಕೆ ಕಾರಣ ನನ್ನ ಹೂಂ. ನಮ್ಮಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ಅಭ್ಯಾಸ ನನಗೆ ಅಂಟಿಕೊಂಡು ಬಂದಿದೆ, ಮೀಟಿಂಗಿನಲ್ಲಿ ಕೂಡ ಹೂಂ ಹೂಂ ಅನ್ನುತ್ತಿರುತ್ತೇನೆ. ಸಿಯೋನೆಗೆ ಅದು ಪಂಚಪ್ರಾಣ. “ಟೀವಿಲಿ ನಾನು ಬಾಯಿ ಬಿಡೋದ್ರೊಳಗೆ ಇನ್ನೊಬ್ಬ ಮಾತಾಡ್ತಾನೆ. ನೀನು ಮಾತ್ರ ಕೇಳ್ತೀಯ ಬ್ರದರ್. ಕೇಳ್ತಿದೀಯ ಅಂತ ನಂಗೂ ಕೇಳ್ಸುತ್ತೆ,” ಎನ್ನುತ್ತಿದ್ದ. ಇನ್ನೊಂದು ನಂಟು ಕೆಸುವಿನ ಎಲೆಯದು. ಅವನ ಹಿತ್ತಲಿನಲ್ಲಿ ಕೆಸು ದಂಡಿಯಾಗಿ ಬೆಳೆದಿತ್ತು. ಅವರ ಕಡೆ ಅದರಲ್ಲಿ ಮಾಂಸ, ತೆಂಗಿನ ಹಾಲು ಸುತ್ತಿ ಬೇಯಿಸುತ್ತಾರೆ. ಶೈಲಜಾ ಅದೇ ಎಲೆಯಲ್ಲಿ ಪತ್ರೊಡೆ ಮಾಡಿ ಬೇಲಿಯಾಚೆ ಕಳಿಸಿದಾಗ ಅವನು ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಎಲೆ ಕೊಯ್ಯುವ ಕೆಲಸ ನಮ್ಮಿಬ್ಬರದಾಯಿತು.

ಅಂಥದ್ದೊಂದು ಬೆಳಿಗ್ಗೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ವರ್ಷಗಳು ಅವು. ನನ್ನ ಎಡಗಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಆಫೀಸಿನ ಮೀಟಿಂಗು. ನನ್ನ ದನಿ ಅವರಿಗೆ ಕೇಳದಂತೆ ಬಂದ್ ಮಾಡಿ ಬಲಗೈಯಲ್ಲಿ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಿದ್ದೆ. ಎರಡು ದೋಣಿಯಲ್ಲಿ ಕಾಲಿಡುವ ನನ್ನ ಜಾಣತನದ ಬಗ್ಗೆ ಆಗ ನನಗೆ ಬಹಳ ಹೆಮ್ಮೆ. ಎಲೆ ಕೊಯ್ಯುತ್ತಾ ಸಿಯೋನೆ ಇದ್ದಕ್ಕಿದ್ದಂತೆ, “ಇವತ್ತು ವಿಲಿ ಹುಟ್ಟಿದ ದಿನ. ನಿನಗೊಬ್ಬನಿಗೆ ಹೇಳ್ತೀನಿ,” ಎಂದ. ಹೂಂ ಎಂದೆ. ಆ ಪಂದ್ಯದ ದಿನ ಮಳೆ ಎಂದ. ಹೂಂ. ಐದನೇ ಸಲ ಕೆಡವಿದಾಗ ವಿಲಿಯ ಮೊಣಕೈ ನನ್ನ ಕುತ್ತಿಗೆಯ ಮೇಲಿತ್ತು ಎಂದ. ಹೂಂ. ಅಷ್ಟರಲ್ಲಿ ಎಡಗಿವಿಯಲ್ಲಿ ಮ್ಯಾನೇಜರು ನನ್ನ ಹೆಸರು ಹಿಡಿದು ಕೂಗಿದಳು. ಸಿಯೋನೆ ತಲೆ ಬಗ್ಗಿಸಿ ಎಲೆ ನೋಡುತ್ತಲೇ ಹೇಳುತ್ತಿದ್ದ. ನಾನು ಒಂದು ಹೆಜ್ಜೆ ಆಚೆ ತಿರುಗಿ, ಬಂದ್ ಮಾಡಿದ್ದ ದನಿ ತೆರೆದು ಮೆಲ್ಲಗೆ, ಶುಕ್ರವಾರದೊಳಗೆ ಮುಗಿಸುತ್ತೇನೆ ಎಂದೋ ಏನೋ ಹೇಳಿದೆ. ತಿರುಗಿ ನೋಡಿದರೆ ಸಿಯೋನೆ ಮಂಡಿಯೂರಿ ಕೂತು ನಗುತ್ತಿದ್ದ, ಕಣ್ಣಿನಿಂದ ನೀರು ಸುರಿಯುತ್ತಿತ್ತು. ನಾನೂ ನಕ್ಕೆ. ಬೆನ್ನು ತಟ್ಟಿ ಇನ್ನೊಂದು ಹೂಂ ಎಂದೆ. ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, “ಈಗ ಗೊತ್ತಾಯ್ತಾ ನಾನು ಯಾಕೆ ನಕ್ಕೆ ಅಂತ?” ಎಂದು ಕೇಳಿದ. ಗೊತ್ತಾಯಿತು ಎಂದೆ.

ಆ ಕ್ಷಣದಲ್ಲಿ ಕೇಳಬಹುದಿತ್ತು. ಕ್ಷಮಿಸು ಮಾರಾಯ, ಆಫೀಸಿನ ಫೋನು ಬಂತು, ಇನ್ನೊಂದು ಸಲ ಹೇಳು, ಅಷ್ಟೇ. ಆದರೆ ಮನುಷ್ಯ ಅಳುತ್ತಿದ್ದಾನೆ, ಹೆಂಡತಿಗೂ ಹೇಳದ್ದನ್ನು ನಿನಗೆ ಹೇಳಿದ್ದಾನೆ, ನೀನು ಕೇಳಿಸಿಕೊಳ್ಳಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ದಾಕ್ಷಿಣ್ಯ ಅಡ್ಡ ಬಂತು. ಊಟಕ್ಕೆ ಕೂತಾಗ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಳ್ಳುವ ಜನ ನಾವು. ನೋಯಿಸಬಾರದೆಂದು ಆಡುವ ಸುಳ್ಳಿಗೆ ನಮ್ಮಲ್ಲಿ ಒಳ್ಳೆಯತನ ಎಂದೇ ಹೆಸರು. ಮುಂದಿನ ವಾರ ಹೇಗಾದರೂ ಮಾತು ತೆಗೆದು ತಿಳಿದುಕೊಂಡರಾಯಿತು ಅಂದುಕೊಂಡೆ. ಮುಂದಿನ ವಾರ ಅವನು ಆ ಪಂದ್ಯದ ಕಥೆ ತೆಗೆದ, ಮಳೆ, ಕೆಸರು, ಮೊಣಕೈ ಎಲ್ಲ ಬಂತು, ಆ ಜಾಗಕ್ಕೆ ಬಂದಾಗ ಕಣ್ಣು ಮಿಟುಕಿಸಿ, “ಆಮೇಲಿಂದು ನಿಂಗೆ ಗೊತ್ತಲ್ಲ,” ಎಂದು ನಿಲ್ಲಿಸಿದ. ನಾನು ತಲೆಯಾಡಿಸಿದೆ. ಎಷ್ಟು ವರ್ಷ, ಎಷ್ಟು ಸಲ ಹಾಗೆ ತಲೆಯಾಡಿಸಿದೆನೋ.

ಇಲ್ಲಿಗೆ ಬಂದ ಮೇಲೂ ಅವನು ಟೀವಿ ಬಿಟ್ಟಿರಲಿಲ್ಲ. ಅಮೆರಿಕದವರಿಗೆ ರಗ್ಬಿ ತಿಳಿಸಿಕೊಡುವ ಒಂದು ಸಣ್ಣ ಚಾನೆಲ್ಲಿನಲ್ಲಿ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದ. ಒಂದು ಶನಿವಾರ ನಮ್ಮ ಮನೆಯಲ್ಲಿ ಕನ್ನಡ ಸಂಘದ ಗೆಳೆಯರು ನಾಲ್ಕು ಜನ ತಿಂಡಿಗೆ ಸೇರಿದ್ದರು, ಟೀವಿಯಲ್ಲಿ ಸಿಯೋನೆ. ನಿರೂಪಕ ಅದೇ ಹಳೆಯ ಪ್ರಶ್ನೆ ಕೇಳಿದ. ಯಾವಾಗಲೂ ಸುಳ್ಳಿನ ಚಟಾಕಿ ಹಾರಿಸುವವನು ಆ ದಿನ ಬಾಯಿ ತೆರೆದು ಮತ್ತೆ ಮುಚ್ಚಿದ. ಮಾತು ಹುಡುಕುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಆಮೇಲೆ ಕ್ಯಾಮೆರಾ ನೋಡಿ, “ನನ್ನ ಪಕ್ಕದ ಮನೆಯವನಿಗೆ ಗೊತ್ತು. ಅವನನ್ನ ಕೇಳಿ,” ಎಂದ.

ದೋಸೆ ಬಿಟ್ಟು ಎಲ್ಲರೂ ನನ್ನತ್ತ ತಿರುಗಿದರು. “ಏನ್ ಸಾರ್ ಇದು! ಹೇಳಿ ಸಾರ್, ಸಸ್ಪೆನ್ಸು ಬೇಡ,” ಎಂದು ಇಲ್ಲೇ ಗುಡ್ಡದಾಚೆಯ ಡಬ್ಲಿನ್ ಊರಿನ ಗೆಳೆಯರೊಬ್ಬರು ದುಂಬಾಲು ಬಿದ್ದರು. ನಾನು ಏನು ಮಾಡಿದೆ ಗೊತ್ತೇ? ಕಾಫಿ ಲೋಟ ಕೆಳಗಿಟ್ಟು, ಗಂಭೀರವಾಗಿ, “ಮಾತು ಕೊಟ್ಟಿದ್ದೀನಿ. ಹೇಳೋ ಹಾಗಿಲ್ಲ,” ಎಂದೆ. ಅವರ ಕಣ್ಣಿನಲ್ಲಿ ನಾನು ಒಂದು ಅಡಿ ಬೆಳೆದೆ. ಜಂಬವೆಂದರೆ ಜಂಬ. ನಮ್ಮ ಮಗಳು ಮೇಘ ಕೂಡ, ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ ಕೊಡುವವಳು, “ಅಪ್ಪಾ, ದಟ್ಸ್ ಸೋ ಕೂಲ್,” ಎಂದಳು. ಹದಿನಾರು ವರ್ಷದ ಮಗಳಿಂದ ಆ ಮಾತು ಬರುವುದು ಸುಲಭವಲ್ಲ. ಶೈಲಜಾ ಒಬ್ಬಳೇ ಆಮೇಲೆ ಅಡುಗೆಮನೆಯಲ್ಲಿ, “ನನಗಾದ್ರೂ ಹೇಳಬಹುದಲ್ಲ,” ಎಂದು ಕೇಳಿದಳು. ಅವಳಿಗೂ ಅದೇ ಉತ್ತರ ಕೊಟ್ಟೆ. ಅಷ್ಟು ಹೊತ್ತಿಗೆ ಆ ಗುಟ್ಟು ನನ್ನದೇ ಆಗಿಹೋಗಿತ್ತು, ಒಳಗೆ ಏನೂ ಇಲ್ಲದ ಡಬ್ಬಿಗೆ ಬೀಗ ಹಾಕಿ ಕೂತಿದ್ದೆ.

ಆ ವರ್ಷವೇ ಅವನ ಮಾತು ಹಾದಿ ತಪ್ಪತೊಡಗಿತು. ತಾನು ಆಡಿದ ತಂಡದ ಹೆಸರೇ ಕಾರ್ಯಕ್ರಮದ ಮಧ್ಯೆ ನೆನಪಾಗದೆ ಹೋಯಿತು, ಚಾನೆಲ್ಲಿನವರು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಹನ್ನೊಂದು ವರ್ಷ ತಲೆಗೆ ಬಿದ್ದ ಪೆಟ್ಟುಗಳು ಒಟ್ಟಿಗೆ ಬಂದು ಕದ ತಟ್ಟುತ್ತಿವೆ ಎಂದು ಡಾಕ್ಟರು ಅನಾಗೆ ವಿವರಿಸಿದರಂತೆ. ಅವಳು ಅವನನ್ನು ಡಬ್ಲಿನ್ನಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವ ದಿನ ಕೂಡ ಅವನಿಗೆ ವಿಲಿಯ ನೆನಪು ಚೆನ್ನಾಗಿತ್ತು. ಬೇಲಿಯ ಹತ್ತಿರ ನಿಂತು, “ಆಮೇಲಿಂದು ನಿಂಗೆ ಗೊತ್ತಲ್ಲ,” ಎಂದು ಕಣ್ಣು ಮಿಟುಕಿಸಿದ. ಅದು ನನಗೆ ಸಿಕ್ಕ ಕೊನೆಯ ಅವಕಾಶವೆಂದು ತಿಳಿದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದಿತ್ತು. ಲಾರಿಗೆ ಸಾಮಾನು ಹಾಕುತ್ತಿದ್ದರು, ಅನಾ ಪಕ್ಕದಲ್ಲಿದ್ದಳು, ಅವಳ ಎದುರಿಗೆ ನನ್ನ ಬಂಡವಾಳ ಬಯಲಾಗುತ್ತದಲ್ಲ ಎಂದು ತಲೆಯಾಡಿಸಿದೆ.

ಹೋದ ಯುಗಾದಿಗೆ ಅನಾ ಫೋನು ಮಾಡಿದ್ದಳು. ಅವನು ಆ ತುಣುಕನ್ನು ದಿನಾ ಹಾಕಿಸಿಕೊಂಡು ನೋಡುತ್ತಾನಂತೆ. ಅದು ತಾನೇ ಎಂದು ಗೊತ್ತು, ನಗುತ್ತಿದ್ದೇನೆ ಎಂದೂ ಗೊತ್ತು. ನಾನು ಯಾಕೆ ನಗುತ್ತಿದ್ದೇನೆ ಎಂದು ಮಗಳನ್ನು ಕೇಳುತ್ತಾನಂತೆ. “ಅಂಕಲ್, ಈಗಲಾದ್ರೂ ಹೇಳಬಹುದಾ? ಬೇರೆಯವರಿಗಲ್ಲ, ಅವರಿಗೇ ಹೇಳೋಕೆ,” ಎಂದಳು. ನಾನು, ಬಂದು ಮುಖತಃ ಹೇಳುತ್ತೇನೆ ಎಂದು ಫೋನಿಟ್ಟೆ. ಆಮೇಲೆ ಹೋಗಲಿಲ್ಲ. ಕೆಲಸ ಎಂದೆ, ಜ್ವರ ಎಂದೆ, ಮೇಘಳ ಕಾಲೇಜು ಎಂದೆ. ಅನಾ ಎರಡು ಸಲ ನೆನಪಿಸಿ ಸುಮ್ಮನಾದಳು.

ಬುಧವಾರ ಆ ತುಣುಕು ಯಾವುದೋ ಹಳೆಯ ಕ್ರೀಡಾ ಸಂಗ್ರಹದ ಜೊತೆ ನನ್ನ ಪರದೆಗೇ ಬಂದು ಕೂತಿತು. ಇಯರ್‌ಫೋನು ಎರಡೂ ಕಿವಿಗೆ ಹಾಕಿ ದನಿ ಏರಿಸಿ ನಲವತ್ತು ಸಲ ಕೇಳಿದೆ. ಮಳೆಯ ಸದ್ದು, ಜನರ ಕೂಗು. ವಿಲಿಯ ತುಟಿ ಕೂಡ ಕಾಣುವುದಿಲ್ಲ, ಕಾಣುವುದು ಅವನ ನೆತ್ತಿ. ಸರಿ ಎಂದು ಒತ್ತಿ ಮನೆಗೆ ಬಂದೆ.

ಭಾನುವಾರ ಶೈಲಜಾ ಜೊತೆ ಡಬ್ಲಿನ್ನಿಗೆ ಹೊರಟೆ. ಫ್ರೀವೇಯಲ್ಲಿ ಗುಡ್ಡ ಹತ್ತುವಾಗ ಅವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, “ನೀವು ನನ್ನ ಹತ್ತಿರ ಹೂಂ ಅಂದದ್ದರಲ್ಲಿ ಎಷ್ಟು ನಿಜ?” ಎಂದು ಕೇಳಿದಳು. ಹೂಂ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಅನಾಗೆ ಅವಳ ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ಮೀಟಿಂಗು, ಮ್ಯಾನೇಜರು, ಕೆಸುವಿನ ಎಲೆ, ಒಂದನ್ನೂ ಬಿಡಲಿಲ್ಲ. ಅವಳು ಕೂಗಾಡಲಿಲ್ಲ. “ಒಂದು ಸಲ ಕೇಳಿದ್ದಿದ್ರೆ ಸಾಕಿತ್ತಲ್ಲ ಅಂಕಲ್,” ಎಂದಳು. “ಡ್ಯಾಡ್ ಖುಷಿಯಾಗಿ ಹತ್ತು ಸಲ ಹೇಳಿರೋರು. ವಿಲಿ ಬಗ್ಗೆ ಮಾತಾಡೋಕೆ ಅವರಿಗೆ ಬೇರೆ ಯಾರಿದ್ರು?” ಆ ಕೊನೆಯ ಮಾತು ನನ್ನ ತಲೆಗೆ ಇಷ್ಟು ವರ್ಷದಲ್ಲಿ ಹೊಳೆದೇ ಇರಲಿಲ್ಲ. ಕೇಳಿದರೆ ಅವನಿಗೆ ನೋವಾಗುತ್ತದೆ ಎಂದೇ ಅಂದುಕೊಂಡಿದ್ದೆ.

ಸಿಯೋನೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಒಣಗಿದ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದಾನೆ, ಭುಜದ ಅಗಲ ಮಾತ್ರ ಹಾಗೇ ಇದೆ. ನನ್ನ ಹೆಸರು ಅವನಿಗೆ ಸಿಗಲಿಲ್ಲ, ಆದರೂ ಬ್ರದರ್ ಎಂದು ಕೈ ಹಿಡಿದುಕೊಂಡ. ಫೋನು ಆಫ್ ಮಾಡಿ ಶೈಲಜಾ ಕೈಗೆ ಕೊಟ್ಟು ಅವನ ಪಕ್ಕ ಕೂತೆ. “ಸಿಯೋನೆ, ನೀನು ಯಾಕೆ ನಕ್ಕೆ ಅಂತ ನನಗೆ ಗೊತ್ತಿಲ್ಲ. ನೀನು ಹೇಳಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ. ಗೊತ್ತು ಅಂತ ಸುಳ್ಳು ಹೇಳ್ದೆ,” ಎಂದೆ. ಅವನು ನನ್ನ ಮುಖವನ್ನು ನೋಡಿದ, ನಾನು ಅಳುತ್ತಿದ್ದೇನೆಂದು ಗೊತ್ತಾಗಿ ನನ್ನ ಮಂಡಿಯನ್ನು ಮೆಲ್ಲಗೆ ತಟ್ಟಿದ. ಪರವಾಗಿಲ್ಲ ಎಂದ. ಯಾವುದಕ್ಕೆ ಪರವಾಗಿಲ್ಲ ಎನ್ನುತ್ತಿದ್ದಾನೆಂದು ಅವನಿಗೆ ತಿಳಿದಿತ್ತು ಎಂದು ನನಗನ್ನಿಸುವುದಿಲ್ಲ.

ಒಳಗೆ ಶೈಲಜಾ, ಅನಾ ಏನೋ ಮಾತಾಡುತ್ತಿದ್ದರು. ಗುಡ್ಡದ ಮೇಲೆ ಯಾರೋ ನಾಯಿ ಹಿಡಿದುಕೊಂಡು ಹತ್ತುತ್ತಿದ್ದರು. ಅದನ್ನೇ ನೋಡುತ್ತಿದ್ದ ಸಿಯೋನೆಯ ಮುಖದಲ್ಲಿ ಒಂದು ನಗು ಮೂಡಿತು, ತುಟಿ ಅಲುಗಿತು, ತನ್ನಷ್ಟಕ್ಕೆ ಮೂರೋ ನಾಲ್ಕೋ ಶಬ್ದ ಅಂದ. ನಾನು ಕುರ್ಚಿಯಿಂದ ಎದ್ದು ಅವನೆದುರು ಮಂಡಿಯೂರಿ ಕೂತು ಅವನ ಬಾಯಿಗೆ ಕಿವಿ ಕೊಟ್ಟೆ.

“ಏನಂದೆ ಸಿಯೋನೆ? ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು.”

ಅವನು ಪ್ರೀತಿಯಿಂದ ನನ್ನತ್ತ ಬಗ್ಗಿದ. ಹುಬ್ಬು ಗಂಟಿಕ್ಕಿ ಯೋಚಿಸಿದ, ನಿಜವಾಗಿಯೂ ಪ್ರಯತ್ನಪಟ್ಟು ಯೋಚಿಸಿದ.

“ನಾನು ಏನಾದ್ರೂ ಅಂದೆನಾ?” ಎಂದು ಕೇಳಿದ.